ಯಾವ ಪಿರಮಿಡ್ಡು ಎಂದು ಕೇಳಿದ ಯಂತ್ರ

ಪರದೆಯ ಮೇಲೆ ಗೆರೆಗಳಲ್ಲಿ ಮೂಡಿದ ಒಂದು ಮೇಜು. ಮೇಜಿನ ಮೇಲೆ ಬ್ಲಾಕುಗಳು, ಕೆಲವು ದೊಡ್ಡವು, ಕೆಲವು ಚಿಕ್ಕವು. ಒಂದೊಂದಕ್ಕೂ ಯಂತ್ರದ ಲೆಕ್ಕದಲ್ಲಿ ಒಂದೊಂದು ಬಣ್ಣ: ಕೆಂಪು, ಹಸಿರು, ನೀಲಿ. ನಡುನಡುವೆ ಚೂಪು ತಲೆಯ ಪಿರಮಿಡ್ಡುಗಳು. ಪಕ್ಕದಲ್ಲಿ ಬಾಯಿ ತೆರೆದ ಪೆಟ್ಟಿಗೆ. ಮೇಲಿಂದ ಇಳಿಬಿದ್ದ ಒಂದು ಕೈ, ಅದೂ ಗೆರೆಯೇ. ಕೀಲಿಮಣೆಯ ಮುಂದೆ ಕೂತವರು ದಿನಬಳಕೆಯ ಇಂಗ್ಲಿಷಿನಲ್ಲಿ, ದೊಡ್ಡ ಕೆಂಪು ಬ್ಲಾಕೊಂದನ್ನು ಎತ್ತು ಎಂದು ಟೈಪ್ ಮಾಡುತ್ತಾರೆ. ಆ ಬ್ಲಾಕಿನ ಮೇಲೆ ಹಸಿರು ಬ್ಲಾಕೊಂದು ಕೂತಿದೆ. ಅದನ್ನು ಮೊದಲು ಕೆಳಗಿಡು ಎಂದು ಯಾರೂ ಹೇಳಿಲ್ಲ. ಆದರೂ ಕೈ ಹೋಗಿ ಹಸಿರನ್ನು ಎತ್ತುತ್ತದೆ, ಖಾಲಿ ಜಾಗ ಹುಡುಕಿ ಅಲ್ಲಿಡುತ್ತದೆ, ವಾಪಸು ಬಂದು ಕೆಂಪನ್ನು ಎತ್ತುತ್ತದೆ, ಆಯಿತು ಎನ್ನುತ್ತದೆ. ಮುಂದಿನ ಅಪ್ಪಣೆ: ಪಿರಮಿಡ್ಡನ್ನು ಹಿಡಿ. ಈಗ ಕೈ ಅಲುಗುವುದಿಲ್ಲ. ಉತ್ತರ ಬರುತ್ತದೆ. ನೀವು ಹೇಳುತ್ತಿರುವುದು ಯಾವ ಪಿರಮಿಡ್ಡನ್ನು ಎಂದು ತನಗೆ ತಿಳಿಯಲಿಲ್ಲವಂತೆ!

ಸ್ವಲ್ಪ ನಿಂತು ನೋಡಿ, ಇಲ್ಲಿ ಏನಾಯಿತು ಎಂದು. ಮೇಜಿನ ಮೇಲೆ ಒಂದಕ್ಕಿಂತ ಹೆಚ್ಚು ಪಿರಮಿಡ್ಡುಗಳಿವೆ. ಯಾವುದೋ ಒಂದನ್ನು ಹಿಡಿ ಎಂದಿದ್ದರೆ ಯಂತ್ರ ಸುಮ್ಮನೆ ಒಂದನ್ನು ಹಿಡಿಯುತ್ತಿತ್ತು. ಆದರೆ ಹೇಳಿದವರು ಇಬ್ಬರಿಗೂ ಗೊತ್ತಿರುವ ಒಂದೇ ಒಂದು ವಸ್ತುವಿನ ಬಗ್ಗೆ ಮಾತಾಡುವಂತೆ ಹೇಳಿದ್ದರು. ಅಂಥದ್ದೊಂದು ಇದೆಯೇ ಎಂದು ಯಂತ್ರ ಮೇಜನ್ನೆಲ್ಲ ಹುಡುಕಿತು, ಅಲ್ಲಿಯವರೆಗೆ ನಡೆದ ಮಾತುಕತೆಯನ್ನೂ ಹುಡುಕಿತು, ಸಿಗಲಿಲ್ಲ, ಕೇಳಿತು. ಅಡುಗೆಮನೆಯಲ್ಲಿ ಅಮ್ಮ ‘ಆ ಡಬ್ಬ ಕೊಡು’ ಎಂದಾಗ ಕಪಾಟಿನ ಮುಂದೆ ನಿಂತ ಮಗು ‘ಯಾವುದಮ್ಮ?’ ಎನ್ನುವುದಿಲ್ಲವೇ, ಅದೇ! ತಿಳಿಯಲಿಲ್ಲ ಎಂದು ಹೇಳಬೇಕಾದರೆ ಎಷ್ಟೊಂದು ತಿಳಿದಿರಬೇಕು!

ಇದು ಈಚಿನ ಮಾತಲ್ಲ. 1970ರ ಹೊತ್ತಿನದು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಇನ್ನೂ ಸರಿಯಾಗಿ ಮಣ್ಣು ಕೊಡವಿಕೊಂಡಿರಲಿಲ್ಲ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್ ಊರಿನಲ್ಲಿ, ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ, ಟೆರಿ ವಿನೋಗ್ರಾಡ್ ಎಂಬ 24ರ ತರುಣ ತನ್ನ ಪಿಎಚ್‌ಡಿಗಾಗಿ ಬರೆದ ಪ್ರೋಗ್ರಾಂ ಅದು. ಹೆಸರು ಶರ್ಡ್‌ಲೂ. ಅರ್ಥವಿಲ್ಲದ ಹೆಸರು, ಲೈನೋಟೈಪ್ ಅಚ್ಚಿನ ಯಂತ್ರದ ಕೀಲಿಮಣೆಯಲ್ಲಿ ಎರಡನೆಯ ಕಂಬಸಾಲಿನ ಅಕ್ಷರಗಳನ್ನು ಮೇಲಿಂದ ಕೆಳಕ್ಕೆ ಓದಿದರೆ ಸಿಗುವ ಸದ್ದು. ಓಡಿದ್ದು ಪಿಡಿಪಿ-6 ಎಂಬ ಕಂಪ್ಯೂಟರಿನಲ್ಲಿ. ಇಂದು ನಮ್ಮ ಜೇಬಿನಲ್ಲಿರುವ ಅಗ್ಗದ ಫೋನಿನ ಎದುರೂ ಅದು ಏನೇನೂ ಅಲ್ಲ. ಅಂಥ ಯಂತ್ರದೊಳಗೆ ಒಂದು ಪುಟ್ಟ ಜಗತ್ತು ಹಿಡಿಸಿತ್ತು, ಆ ಜಗತ್ತಿನ ಬಗ್ಗೆ ಆಡುವ ಮಾತೂ ಹಿಡಿಸಿತ್ತು!

ಇದರ ಒಳಗುಟ್ಟು ನನ್ನನ್ನು ಈಗಲೂ ಬೆರಗಾಗಿಸುತ್ತದೆ. ‘ಕೆಂಪು ಬ್ಲಾಕ್’ ಎಂಬ ಮಾತಿನ ಅರ್ಥ ಎಲ್ಲಿದೆ? ನಿಘಂಟಿನಲ್ಲಿ ನೋಡಿದರೆ ಒಂದು ಪದಕ್ಕೆ ಇನ್ನೊಂದು ಪದ ಸಿಗುತ್ತದೆ, ಆ ಪದಕ್ಕೆ ಮತ್ತೊಂದು. ವಿನೋಗ್ರಾಡ್ ಆ ಸುತ್ತಾಟವನ್ನೇ ಬಿಟ್ಟ. ಅವನ ಪ್ರೋಗ್ರಾಮಿನಲ್ಲಿ ಅರ್ಥ ಎಂದರೆ ಮಾಡಬೇಕಾದ ಕೆಲಸ. ‘ಕೆಂಪು ಬ್ಲಾಕ್’ ಎಂದ ಕೂಡಲೇ ಒಳಗೆ ಒಂದು ಪುಟ್ಟ ಪ್ರೋಗ್ರಾಂ ಹುಟ್ಟುತ್ತದೆ: ಮೇಜಿನ ಮೇಲಿನ ಒಂದು ವಸ್ತುವನ್ನು ತೆಗೆದುಕೋ, ಅದು ಬ್ಲಾಕ್ ಹೌದೇ ನೋಡು, ಹೌದಾದರೆ ಕೆಂಪೇ ನೋಡು, ಅಲ್ಲವಾದರೆ ಬಿಟ್ಟು ಮುಂದಿನದಕ್ಕೆ ಹೋಗು. ‘ಎತ್ತು’ ಎಂಬುದು ಇನ್ನೊಂದು ಪ್ರೋಗ್ರಾಂ: ಅದರ ಮೇಲೇನಿದೆ ನೋಡು, ಇದ್ದರೆ ತೆರವು ಮಾಡು, ಕೈಯಲ್ಲಿ ಬೇರೇನಾದರೂ ಇದ್ದರೆ ಮೊದಲು ಅದನ್ನು ಇಳಿಸು, ಆಮೇಲೆ ಕೈ ಒಯ್ಯಿ, ಹಿಡಿ, ಮೇಲೆತ್ತು. ನೀವು ಒಂದು ವಾಕ್ಯ ಟೈಪ್ ಮಾಡಿದಿರಿ ಎಂದರೆ ಅರಿಯದೆಯೇ ಒಂದು ಪ್ರೋಗ್ರಾಂ ಬರೆದಿರಿ! ಹಸಿರು ಬ್ಲಾಕನ್ನು ಯಾರೂ ಹೇಳದೆ ಕೆಳಗಿಟ್ಟ ಆ ಜಾಣತನ ಬಂದದ್ದು ಹೀಗೆ.

ಅಷ್ಟೇ ಆಗಿದ್ದರೆ ಚತುರ ಕೆಲಸ ಎಂದು ಮೆಚ್ಚಿ ಮುಂದೆ ಹೋಗಬಹುದಿತ್ತು. ಆದರೆ ಇನ್ನೂ ಇದೆ. ಅಲ್ಲಿಯವರೆಗೆ ಈ ಕ್ಷೇತ್ರದಲ್ಲಿ ಎಲ್ಲರೂ ಯೋಚಿಸುತ್ತಿದ್ದ ದಾರಿ ಸರಳವಾಗಿತ್ತು: ಮೊದಲು ವ್ಯಾಕರಣದಿಂದ ವಾಕ್ಯ ಬಿಡಿಸು, ಅದು ಮುಗಿದ ಮೇಲೆ ಅರ್ಥ ಹುಡುಕು, ಅದೂ ಮುಗಿದ ಮೇಲೆ ತರ್ಕ ಮಾಡು. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಡತ ಹೋದಂತೆ. ಶರ್ಡ್‌ಲೂ ಒಳಗೆ ಈ ಮೂವರೂ ವಾಕ್ಯದ ನಡುವೆಯೇ ಪರಸ್ಪರ ಮಾತಾಡುತ್ತಿದ್ದರು! ನೀಲಿ ಪಿರಮಿಡ್ಡು, ಬ್ಲಾಕು, ಪೆಟ್ಟಿಗೆ ಮೂರೂ ಬರುವ ಒಂದು ಇಂಗ್ಲಿಷ್ ಅಪ್ಪಣೆಯನ್ನು ಊಹಿಸಿಕೊಳ್ಳಿ. ಇಂಗ್ಲಿಷಿನಲ್ಲಿ ಪದಗಳ ಸಾಲು ಒಂದೇ. ಆದರೆ ಬ್ಲಾಕಿನ ಮೇಲಿರುವ ಪಿರಮಿಡ್ಡನ್ನು ಪೆಟ್ಟಿಗೆಯೊಳಗೆ ಹಾಕು ಎಂದೂ ಓದಬಹುದು, ಪಿರಮಿಡ್ಡನ್ನು ಪೆಟ್ಟಿಗೆಯೊಳಗಿನ ಬ್ಲಾಕಿನ ಮೇಲಿಡು ಎಂದೂ ಓದಬಹುದು. ವ್ಯಾಕರಣಕ್ಕೆ ಎರಡೂ ಸಮ. ಅದು ಎಷ್ಟು ಹೊತ್ತು ತಲೆ ಕೆರೆದುಕೊಂಡರೂ ಉತ್ತರ ಸಿಗದು. ಶರ್ಡ್‌ಲೂ ವ್ಯಾಕರಣದ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಮೇಜಿನ ಕಡೆ ನೋಡುತ್ತದೆ. ಬ್ಲಾಕಿನ ಮೇಲೆ ಈಗ ನೀಲಿ ಪಿರಮಿಡ್ಡು ಇದೆಯೇ? ಇಲ್ಲ. ಹಾಗಾದರೆ ಮೊದಲ ಓದು ಬೇಡ, ಎರಡನೆಯದನ್ನು ಹಿಡಿ. ವಾಕ್ಯ ಬಿಡಿಸುವ ಕೀಲಿ ವಾಕ್ಯದ ಒಳಗಿಲ್ಲ, ಹೊರಗೆ, ಮೇಜಿನ ಮೇಲಿದೆ!

ಇದಕ್ಕೆ ಬೇಕಾದ ವ್ಯಾಕರಣವನ್ನು ಅವನು ಎಲ್ಲಿಂದ ತಂದ ಎಂಬುದೂ ಕುತೂಹಲದ ಸಂಗತಿ. ಎಂಐಟಿ ಎಂದರೆ ನೋಮ್ ಚಾಮ್ಸ್ಕಿಯ ಮನೆ. ಭಾಷಾವಿಜ್ಞಾನದ ಜಗತ್ತೇ ಆಗ ಆ ಕಡೆ ಮುಖ ಮಾಡಿತ್ತು. ವಿನೋಗ್ರಾಡ್ ಮಾತ್ರ ಎಂಐಟಿಗೆ ಬರುವ ಮೊದಲು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಒಂದು ವರ್ಷ ಭಾಷಾವಿಜ್ಞಾನ ಓದಿದ್ದ, ಅಲ್ಲಿದ್ದ ಮೈಕೆಲ್ ಹ್ಯಾಲಿಡೆಯ ವಿಚಾರಗಳನ್ನು ತಲೆಯಲ್ಲಿ ತುಂಬಿಕೊಂಡು ಬಂದಿದ್ದ. ಮಾತಾಡುವವನು ಏನನ್ನು ಸಾಧಿಸಲು ಹೊರಟಿದ್ದಾನೆ, ಅದಕ್ಕಾಗಿ ಭಾಷೆಯಲ್ಲಿರುವ ಆಯ್ಕೆಗಳಲ್ಲಿ ಯಾವುದನ್ನು ಆರಿಸಿಕೊಂಡ ಎಂದು ನೋಡುವ ವ್ಯಾಕರಣ ಹ್ಯಾಲಿಡೆಯದು. ಕೆಲಸ ಮಾಡಿಸುವ ಯಂತ್ರಕ್ಕೆ ಕೆಲಸದ ಕಡೆ ನೋಡುವ ವ್ಯಾಕರಣ! ಜೊತೆಗೆ ಅದೇ ಪ್ರಯೋಗಾಲಯದ ಕಾರ್ಲ್ ಹ್ಯೂವಿಟ್ ಗುರಿಗಳನ್ನು ಬೆನ್ನಟ್ಟುವ ‘ಪ್ಲಾನರ್’ ಎಂಬ ಭಾಷೆಯನ್ನು ಕಲ್ಪಿಸಿದ್ದರು; ಅದರ ಚಿಕ್ಕ ರೂಪವಾದ ಮೈಕ್ರೋ-ಪ್ಲಾನರ್ ವಿನೋಗ್ರಾಡನ ಕೈಗೆ ಸಿಕ್ಕಿತು. ಲಂಡನ್ನಿನ ಒಂದು ವಿಚಾರ, ಪಕ್ಕದ ಕೋಣೆಯ ಒಂದು ಉಪಕರಣ, ಒಬ್ಬ ಹಠವಾದಿ ವಿದ್ಯಾರ್ಥಿ. ಮೂರೂ ಒಂದೇ ಹೊತ್ತಿಗೆ ಒಂದೇ ಕಡೆ!

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಪಿಎಚ್‌ಡಿ ಪ್ರಬಂಧದಲ್ಲಿ ಅಚ್ಚಾದ, ಪಿರಮಿಡ್ಡಿನ ಮಾತು ಬಂದ ಆ ಸುದೀರ್ಘ ಸಂಭಾಷಣೆಯ ಕೊನೆಯ ಹೊತ್ತಿಗೆ ಮನುಷ್ಯ ಅಪ್ಪಣೆ ಕೊಡುವುದನ್ನು ನಿಲ್ಲಿಸಿ, ಏಕೆ ಎಂದು ಕೇಳತೊಡಗುತ್ತಾನೆ. ಆ ಪುಟ್ಟ ಘನದ ಮೇಲಿದ್ದುದನ್ನು ತೆರವು ಮಾಡಿದ್ದೇಕೆ? ಅದನ್ನು ದೊಡ್ಡ ಹಸಿರು ಘನದ ಮೇಲಿಡಲು, ಎನ್ನುತ್ತದೆ ಯಂತ್ರ. ಹಾಗೆ ಮಾಡಿದ್ದೇಕೆ? ಇಂತಿಂಥ ಮೂರನ್ನು ಒಂದರ ಮೇಲೊಂದು ಪೇರಿಸಲು. ಅದನ್ನಾದರೂ ಮಾಡಿದ್ದೇಕೆ? ನೀವು ಹೇಳಿದಿರಲ್ಲ, ಅದಕ್ಕೆ!

ಓದಿದವರ ಮೈಯಲ್ಲಿ ಒಂದು ಝುಮ್ಮೆನ್ನುವ ಕ್ಷಣ ಇದು. ಇಲ್ಲಿ ಮಾಯಮಂತ್ರ ಏನೂ ಇಲ್ಲ. ಪೇರಿಸುವುದು ಎಂಬ ಗುರಿಯ ಹೊಟ್ಟೆಯಲ್ಲಿ ಮೇಲಿಡುವುದು ಎಂಬ ಗುರಿ, ಅದರ ಹೊಟ್ಟೆಯಲ್ಲಿ ತೆರವು ಮಾಡುವುದು ಎಂಬ ಗುರಿ ಹುಟ್ಟುತ್ತದೆ. ಯಂತ್ರ ಯಾವುದು ಯಾವುದರಿಂದ ಹುಟ್ಟಿತು ಎಂಬ ದಾಖಲೆ ಇಟ್ಟುಕೊಂಡಿದೆ. ‘ಏಕೆ’ ಎಂದಾಗ ಒಂದು ಮೆಟ್ಟಿಲು ಮೇಲೆ ಹತ್ತುತ್ತದೆ, ‘ಹೇಗೆ’ ಎಂದಾಗ ಕೆಳಗಿಳಿಯುತ್ತದೆ, ‘ಯಾವಾಗ’ ಎಂದಾಗ ಅದೇ ಹೊತ್ತಿಗೆ ನಡೆಯುತ್ತಿದ್ದ ದೊಡ್ಡ ಕೆಲಸದ ಹೆಸರು ಹೇಳುತ್ತದೆ. ಹತ್ತುತ್ತ ಹತ್ತುತ್ತ ತುದಿ ಮುಟ್ಟಿದಾಗ ಅಲ್ಲಿ ಉಳಿಯುವುದು ಮನುಷ್ಯನ ಮಾತೊಂದೇ. ಎಷ್ಟು ಸರಳ! ಆದರೆ ತಾನು ಮಾಡಿದ ಕೆಲಸಕ್ಕೆ ಸರಿಯಾದ ಕಾರಣವನ್ನು, ಮನುಷ್ಯ ಕೇಳಿದಷ್ಟೇ ಆಳಕ್ಕೆ, ಸಾಮಾನ್ಯ ವಾಕ್ಯಗಳಲ್ಲಿ ಹೇಳುವ ಯಂತ್ರ! ಇಂದಿನ ಮಹಾ ಭಾಷಾ ಮಾದರಿಗಳು ಹೇಳುವ ಕಾರಣ ಅವುಗಳೊಳಗೆ ನಿಜಕ್ಕೂ ನಡೆದದ್ದೇ ಹೌದೇ ಎಂದು ಸಂಶೋಧಕರು ಈಗಲೂ ತಲೆ ಕೆಡಿಸಿಕೊಂಡಿದ್ದಾರೆ. ಶರ್ಡ್‌ಲೂ ವಿಷಯದಲ್ಲಿ ಆ ಸಂಶಯಕ್ಕೆ ಎಡೆಯೇ ಇರಲಿಲ್ಲ. ಹೇಳಿದ ಕಾರಣವೇ ನಡೆದ ಕಾರಣ.

ಅದಕ್ಕೆ ಹೊಸ ಮಾತು ಕಲಿಸಲೂ ಬಹುದಿತ್ತು. ಎರಡು ಹಸಿರು ಘನಗಳು, ಒಂದು ಪಿರಮಿಡ್ಡು ಇರುವ ಪೇರಿಕೆಗೆ ಗೋಪುರ ಎನ್ನುತ್ತೇವೆ ಎಂದು ಹೇಳಿಕೊಟ್ಟು, ಈಗ ಇಲ್ಲಿ ಗೋಪುರ ಇದೆಯೇ ಎಂದರೆ ಇಲ್ಲ ಎನ್ನುತ್ತಿತ್ತು. ಒಂದನ್ನು ಕಟ್ಟು ಎಂದರೆ ಕಟ್ಟಿಬಿಡುತ್ತಿತ್ತು! ಕೆಂಪಲ್ಲದ ಬ್ಲಾಕುಗಳೆಲ್ಲ ನನ್ನವು, ಆದರೆ ಪಿರಮಿಡ್ಡನ್ನು ಹೊತ್ತಿರುವ ಯಾವುದೂ ನನ್ನದಲ್ಲ ಎಂದು ಸಾಮಾನ್ಯ ವಾಕ್ಯದಲ್ಲಿ ಹೇಳಿ, ಪೆಟ್ಟಿಗೆ ನನ್ನದೇ ಎಂದು ಕೇಳಿದರೆ ಅಲ್ಲ ಎನ್ನುತ್ತಿತ್ತು. ಪೆಟ್ಟಿಗೆಯೊಳಗೆ ಪಿರಮಿಡ್ಡು ಕೂತಿದೆಯಲ್ಲ!

ಈ ಕ್ಷಣದ ಬೆಲೆ ತಿಳಿಯಬೇಕಾದರೆ ಅದರ ಹಿಂದಿನ ದಿನಗಳನ್ನೂ ಒಮ್ಮೆ ನೋಡಬೇಕು. 1949ರಲ್ಲಿ ವಾರೆನ್ ವೀವರ್ ಎಂಬ ಗಣಿತಜ್ಞ, ಯುದ್ಧಕಾಲದ ಗೂಢಲಿಪಿ ಒಡೆದ ಹಾಗೆ ಭಾಷೆಯನ್ನೂ ಒಡೆದು ಅನುವಾದ ಮಾಡಬಹುದೇ ಎಂದು ಒಂದು ಟಿಪ್ಪಣಿ ಬರೆದು ಗೆಳೆಯರಿಗೆ ಹಂಚಿದರು. 1954ರ ಜನವರಿ 7ರಂದು ನ್ಯೂಯಾರ್ಕಿನ ಐಬಿಎಂ ಕಚೇರಿಯಲ್ಲಿ, ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರ ಜೊತೆ ಸೇರಿ, ರಷ್ಯನ್ ವಾಕ್ಯಗಳನ್ನು ಯಂತ್ರ ಇಂಗ್ಲಿಷಿಗೆ ತಿರುಗಿಸಿ ತೋರಿಸಿತು: 250 ಪದ, 6 ವ್ಯಾಕರಣ ನಿಯಮ, ಅಷ್ಟೇ ಬಂಡವಾಳ. ಪತ್ರಿಕೆಗಳು ಕುಣಿದಾಡಿದವು. ಕೆಲವೇ ವರ್ಷಗಳಲ್ಲಿ ಅನುವಾದದ ಸಮಸ್ಯೆ ಮುಗಿಯುತ್ತದೆ ಎಂದರು. ಮುಗಿಯಲಿಲ್ಲ. 1966ರಲ್ಲಿ ಅಮೆರಿಕದ ಆಲ್ಪ್ಯಾಕ್ ಸಮಿತಿ ಯಂತ್ರಾನುವಾದದ ಬಗ್ಗೆ ನಿರಾಶೆಯ ವರದಿ ಕೊಟ್ಟಿತು, ಹಣದ ಹರಿವು ಬತ್ತಿತು. ಆದರೆ ಆ ಬರಗಾಲದ ಅಂಚಿನಲ್ಲೇ ಅಲ್ಲಲ್ಲಿ ಚಿಗುರು! 1961ರಲ್ಲಿ ಅಮೆರಿಕನ್ ಲೀಗಿನ ಒಂದು ಹಂಗಾಮಿನ ಬೇಸ್‌ಬಾಲ್ ಪಂದ್ಯಗಳ ಬಗ್ಗೆ ಇಂಗ್ಲಿಷಿನಲ್ಲಿ ಕೇಳಿದರೆ ಉತ್ತರಿಸುವ ಪ್ರೋಗ್ರಾಂ ಬಂತು. 1964ರಲ್ಲಿ ಡೇನಿಯಲ್ ಬಾಬ್ರೋ ಬರೆದ ‘ಸ್ಟೂಡೆಂಟ್’ ಶಾಲೆಯ ಬೀಜಗಣಿತದ ಮಾತಿನ ಲೆಕ್ಕಗಳನ್ನು ಓದಿ ಬಿಡಿಸಿತು. ಗ್ರಾಹಕರ ಸಂಖ್ಯೆ ಜಾಹೀರಾತುಗಳ ಶೇ. 20ರ ವರ್ಗದ ಎರಡರಷ್ಟು, ಜಾಹೀರಾತು 45, ಗ್ರಾಹಕರೆಷ್ಟು ಎಂದರೆ 162 ಎನ್ನುತ್ತಿತ್ತು. ಮನಸ್ಸಿನಲ್ಲೇ ಮಾಡಿ ನೋಡಿ, ಸರಿಯಿದೆ.

1966ರಲ್ಲಿ ಬಂದ ಎಲೈಜಾಳ ಕಥೆ ಬೇರೆ. ಜೋಸೆಫ್ ವೈಜನ್‌ಬಾಮ್ ಎಂಐಟಿಯಲ್ಲೇ ಬರೆದ ಈ ಪ್ರೋಗ್ರಾಂ ಮನೋವೈದ್ಯರ ಹಾಗೆ ಮಾತಾಡುತ್ತಿತ್ತು. ನೀವು ತಾಯಿ ಎಂದರೆ ಅದು ಮನೆಯವರ ಬಗ್ಗೆ ಹೇಳಿ ಎನ್ನುತ್ತಿತ್ತು. ಒಳಗೆ ಇದ್ದದ್ದು ಪದ ಹುಡುಕಿ ವಾಕ್ಯ ತಿರುಗಿಸುವ ನಿಯಮಗಳಷ್ಟೇ; ತಾಯಿ ಎಂದರೆ ಏನು ಎಂಬುದರ ಸುಳಿವೂ ಇರಲಿಲ್ಲ. ಆದರೂ ಜನ ಅದಕ್ಕೆ ಮನಸ್ಸು ಬಿಚ್ಚಿಟ್ಟರು! ವೈಜನ್‌ಬಾಮ್ ಅವರ ಕಾರ್ಯದರ್ಶಿಯೇ, ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡವರು, ಅದರ ಜೊತೆ ಮಾತಾಡುತ್ತ ತುಸು ಹೊರಗಿರಿ ಎಂದು ಅವರನ್ನೇ ಕೇಳಿಕೊಂಡರು. ಆ ಘಟನೆ ವೈಜನ್‌ಬಾಮ್ ಅವರನ್ನು ಅಲ್ಲಾಡಿಸಿತು. ಮುಂದಿನ ಬದುಕನ್ನೆಲ್ಲ ಅವರು ಈ ಭ್ರಮೆಯ ಬಗ್ಗೆ ಎಚ್ಚರಿಸುತ್ತ ಕಳೆದರು. ಎಲೈಜಾಳ ಹಿಂದೆ ಜಗತ್ತೇ ಇರಲಿಲ್ಲ. ಅದಾದ ನಾಲ್ಕೇ ವರ್ಷಕ್ಕೆ, ಅದೇ ಸಂಸ್ಥೆಯಲ್ಲಿ, ಹಿಂದೆ ಜಗತ್ತಿರುವ ಮಾತು! ಪುಟ್ಟದಿರಬಹುದು, ಒಂದು ಮೇಜಿನಷ್ಟಿರಬಹುದು, ಆದರೂ ಪ್ರತಿಯೊಂದು ಪದಕ್ಕೂ ಹೋಗಿ ಮುಟ್ಟಲು ಅಲ್ಲಿ ಏನೋ ಒಂದಿತ್ತು.

ಮೇಜು ದಾಟಿದರೆ? ಆಗಲೇ ಒಬ್ಬರು ದಾಟುತ್ತಿದ್ದರು, ಅದೂ ಎಲ್ಲಿಗೆ, ಚಂದ್ರನಿಗೆ! ಅಪೋಲೊ 11 ತಂದ ಕಲ್ಲುಗಳನ್ನು ರಸಾಯನಶಾಸ್ತ್ರಜ್ಞರು ಪರೀಕ್ಷಿಸಿ ಕೋಷ್ಟಕಗಳಲ್ಲಿ ತುಂಬಿದ್ದರು. ಭೂವಿಜ್ಞಾನಿಗಳಿಗೆ ಕಂಪ್ಯೂಟರ್ ಭಾಷೆ ಬಾರದು. ಬಿಬಿಎನ್ ಎಂಬ ಸಂಸ್ಥೆಯಲ್ಲಿದ್ದ ವಿಲಿಯಂ ವುಡ್ಸ್ ಮತ್ತು ಸಂಗಡಿಗರು ‘ಲೂನಾರ್’ ಕಟ್ಟಿದರು. 1971ರ ಜನವರಿಯಲ್ಲಿ ಹೂಸ್ಟನ್ನಿನ ಚಾಂದ್ರ ವಿಜ್ಞಾನ ಸಮ್ಮೇಳನದಲ್ಲಿ ಅದನ್ನು ವಿಜ್ಞಾನಿಗಳ ಮುಂದೆ ತೆರೆದಿಟ್ಟರು. ಇಂಥ ಬಗೆಯ ಕಲ್ಲುಗಳಲ್ಲಿ ಅಲ್ಯೂಮಿನಿಯಮ್ಮಿನ ಸರಾಸರಿ ಪ್ರಮಾಣ ಎಷ್ಟು, ಎಂದು ಅವರು ತಮ್ಮ ತಮ್ಮ ಇಂಗ್ಲಿಷಿನಲ್ಲೇ ಕೇಳಿದರು. ಬಂದ ಪ್ರಶ್ನೆಗಳಲ್ಲಿ ಶೇ. 78ಕ್ಕೆ ನೇರವಾಗಿ ಸರಿಯುತ್ತರ; ಸಣ್ಣಪುಟ್ಟ ದೋಷ ತಿದ್ದಿದ ಮೇಲೆ ಶೇ. 90! ಭೂಮಿಯ ಮೇಲೆ ಯಾರೂ ಎರಡು ವರ್ಷದ ಹಿಂದೆ ಮುಟ್ಟಿರದ ಕಲ್ಲುಗಳ ಬಗ್ಗೆ ಮನುಷ್ಯ ಯಂತ್ರವನ್ನು ಮನುಷ್ಯನ ಮಾತಿನಲ್ಲೇ ವಿಚಾರಿಸುತ್ತಿದ್ದಾನೆ!

ಇಷ್ಟಾದ ಮೇಲೂ ಗೆದ್ದ ಉತ್ಸಾಹದಲ್ಲಿ ಕಣ್ಣು ಮುಚ್ಚದೆ ಮುಂದೆ ನೋಡಿದವನು ವಿನೋಗ್ರಾಡನೇ. ಅದಕ್ಕಾಗಿ ಅವನ ಮೇಲೆ ನನಗೆ ಇನ್ನಷ್ಟು ಗೌರವ. ಅವನೇ ಒಂದು ಉದಾಹರಣೆ ಎತ್ತಿದ. ನಗರಸಭೆಯವರು ಮೆರವಣಿಗೆಗಾರರಿಗೆ ಅನುಮತಿ ಕೊಡಲಿಲ್ಲ, ಏಕೆಂದರೆ ಅವರು ಗಲಭೆಗೆ ಹೆದರಿದರು. ಇಲ್ಲಿ ‘ಅವರು’ ಯಾರು? ನಗರಸಭೆಯವರು. ಈಗ ಕೊನೆಯ ಕ್ರಿಯಾಪದ ಒಂದನ್ನೇ ಬದಲಿಸಿ, ಏಕೆಂದರೆ ಅವರು ಗಲಭೆಗೆ ಕರೆಕೊಟ್ಟರು ಎನ್ನಿ. ತಟ್ಟನೆ ‘ಅವರು’ ಮೆರವಣಿಗೆಗಾರರಾಗಿಬಿಟ್ಟರು! ವ್ಯಾಕರಣದಲ್ಲಿ ಒಂದು ಕೂದಲೂ ಅಲುಗಿಲ್ಲ. ಅಲುಗಿದ್ದು ನಮ್ಮೊಳಗಿನ ಜಗತ್ತು: ನಗರಸಭೆ ಎಂದರೇನು, ಅಧಿಕಾರದಲ್ಲಿರುವವರಿಗೆ ಯಾವುದರ ಭಯ, ಅನುಮತಿ ಏಕೆ ನಿರಾಕರಿಸುತ್ತಾರೆ. ಇದನ್ನೆಲ್ಲ ಯಾವ ಮೇಜಿನ ಮೇಲೆ ಜೋಡಿಸುವುದು? ನಲವತ್ತು ವರ್ಷಗಳ ಮೇಲೆ ಸಂಶೋಧಕರು ಇಂಥ ವಾಕ್ಯಗಳನ್ನು ಸೇರಿಸಿ ಯಂತ್ರದ ತಿಳಿವಳಿಕೆಗೆ ಒಂದು ಪರೀಕ್ಷೆಯನ್ನೇ ಮಾಡಿದರು, ಅದಕ್ಕೆ ವಿನೋಗ್ರಾಡನ ಹೆಸರಿಟ್ಟರು. ಅವನಾದರೋ ಸ್ಟ್ಯಾನ್‌ಫರ್ಡಿಗೆ ಹೋದ, ಫರ್ನಾಂಡೋ ಫ್ಲೋರೆಸ್ ಜೊತೆ 1986ರಲ್ಲಿ ಬರೆದ ಪುಸ್ತಕದಲ್ಲಿ ತಾನು ಹಿಡಿದಿದ್ದ ದಾರಿಯನ್ನೇ ಪ್ರಶ್ನಿಸಿದ.

ಇದೇ ಹೊತ್ತಿಗೆ, ಮಾತಿನ ಹಿಂದಿರುವ ಜಗತ್ತಿನ ಈ ಪ್ರಶ್ನೆ ಕಾನ್ಪುರದಲ್ಲಿ, ನಮ್ಮ ಕನ್ನಡವನ್ನು ಕೈಯಲ್ಲಿ ಹಿಡಿದು, ಬೇರೆಯೇ ಬಾಗಿಲಿನಿಂದ ಒಳಬಂತು ಎಂದರೆ ನಂಬುತ್ತೀರಾ? ಅಲ್ಲಿನ ಐಐಟಿಯಲ್ಲಿ ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮತ್ತು ಜೊತೆಗಾರರು ‘ಅಕ್ಷರ ಭಾರತಿ’ ಎಂಬ ಒಂದೇ ಹೆಸರಿನಡಿ ಕೆಲಸ ಮಾಡುತ್ತಿದ್ದರು. ಪಾಣಿನಿಯ ಕಾರಕಗಳನ್ನು ಹಿಡಿದು ಭಾರತೀಯ ಭಾಷೆಗಳನ್ನು ಕಂಪ್ಯೂಟರಿಗೆ ಬಿಡಿಸಿಕೊಡುವ ಹಟ ಅವರದು. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಅದೇ ಕರ್ತೃ, ಕರ್ಮ, ಕರಣ! ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುವ ಅವರ ‘ಅನುಸಾರಕ’ ಎಂಬ ಪ್ರೋಗ್ರಾಂ ಕೈಗೆತ್ತಿಕೊಂಡ ಮೊದಲ ಭಾಷಾಜೋಡಿಗಳಲ್ಲಿ ಒಂದು ಕನ್ನಡದಿಂದ ಹಿಂದಿ.

ಕನ್ನಡ ಅವರ ಮುಂದೆ ಎಂಥ ಒಗಟು ಇಟ್ಟಿತು ನೋಡಿ. ಮಗು ತಿಂದ ಹಣ್ಣು. ಮಗು ತಿಂದ ತಟ್ಟೆ. ಹಣ್ಣು ತಿಂದ ಮಗು. ಮೂರರಲ್ಲೂ ‘ತಿಂದ’ ಒಂದೇ, ಒಂದು ಪ್ರತ್ಯಯದ ವ್ಯತ್ಯಾಸವೂ ಇಲ್ಲ. ಆದರೆ ಹಣ್ಣು ಹೊಟ್ಟೆಗೆ ಹೋಗಿದೆ, ತಟ್ಟೆ ಮೇಜಿನ ಮೇಲೇ ಇದೆ, ಮಗು ಬಾಯಿ ಒರೆಸಿಕೊಳ್ಳುತ್ತಿದೆ! ನಾವು ಹುಟ್ಟಿದಾಗಿನಿಂದ ಇಂಥ ವಾಕ್ಯಗಳನ್ನು ಆಡುತ್ತಿದ್ದೇವೆ, ಒಮ್ಮೆಯೂ ತಡವರಿಸಿಲ್ಲ. ಹಿಂದಿ ಇದನ್ನು ಬಿಡಿಸಿ ಹೇಳಬೇಕು: ಹಣ್ಣಿಗೆ ‘ಜೋ’ ಬಗೆಯದು, ತಟ್ಟೆಗೆ ‘ಜಿಸ್‌ಮೇಂ’, ಮಗುವಿಗೆ ‘ಜಿಸ್‌ನೇ’. ಯಾವುದು ಎಂದು ಆರಿಸಲು ಯಂತ್ರಕ್ಕೆ ತಟ್ಟೆಯನ್ನು ಯಾರೂ ತಿನ್ನುವುದಿಲ್ಲ ಎಂಬುದು ಗೊತ್ತಿರಬೇಕು. ಮತ್ತೆ ಅದೇ ಜಗತ್ತು, ನಗರಸಭೆಯ ವಾಕ್ಯದಲ್ಲಿ ವಿನೋಗ್ರಾಡನಿಗೆ ಎದುರಾದ ಅದೇ ಮೇರೆಯಿಲ್ಲದ ಜಗತ್ತು!

ಅನುಸಾರಕದವರು ಆ ಜಗತ್ತನ್ನು ಯಂತ್ರದೊಳಗೆ ಕಟ್ಟಲು ಹೋಗಲೇ ಇಲ್ಲ. ಭಾಷೆಯ ಹೊರೆ ಯಂತ್ರಕ್ಕೆ, ಜಗತ್ತಿನ ಹೊರೆ ಓದುಗರಿಗೆ ಎಂದು ಕೆಲಸ ಹಂಚಿದರು. ಕನ್ನಡದ ಉದ್ದುದ್ದ ಪದಗಳನ್ನು ಯಂತ್ರ ತುಂಡು ತುಂಡಾಗಿ ಬಿಚ್ಚಿ, ಪ್ರತ್ಯಯಗಳನ್ನು ಗುರುತಿಸಿ, ಹಿಂದಿಯ ತುಂಡುಗಳನ್ನು ಜೋಡಿಸಿಕೊಡುತ್ತದೆ. ಕನ್ನಡ ಹೇಳದೆ ಬಿಟ್ಟಿರುವ ಸಂಬಂಧವನ್ನು ತಾನೂ ಊಹಿಸಿ ತುಂಬುವುದಿಲ್ಲ. ಒಂದು ಗುರುತು ಹಾಕಿ ಹಾಗೆಯೇ ದಾಟಿಸುತ್ತದೆ. ಬಂದ ಹಿಂದಿ ಸೊಗಸಾಗಿರುವುದಿಲ್ಲ, ಕನ್ನಡದ ನಡಿಗೆಯಲ್ಲೇ ನಡೆಯುತ್ತದೆ, ಸ್ವಲ್ಪ ಅಭ್ಯಾಸ ಮಾಡಿಕೊಂಡು ಓದಬೇಕು. ಆದರೆ ಇಲ್ಲದ ಅರ್ಥವನ್ನು ಅದು ಸೇರಿಸಿರುವುದಿಲ್ಲ. ಕನ್ನಡದ ಒಂದಕ್ಷರವೂ ಬಾರದ ಲಖನೌದ ಓದುಗರೊಬ್ಬರು ಆ ಗುರುತಿನ ಹತ್ತಿರ ಬಂದು, ತಟ್ಟೆಯನ್ನು ಕಂಡು, ಏನಾಗಿರಬೇಕೆಂದು ತಾವೇ ತಿಳಿದುಕೊಳ್ಳುತ್ತಾರೆ. ಈ ಕೆಲಸ ಆಮೇಲೆ ಹೈದರಾಬಾದಿಗೆ ಹೋಯಿತು. ಕನ್ನಡದ ಜೊತೆಗೆ ತೆಲುಗು, ಮರಾಠಿ, ಬಂಗಾಳಿ, ಪಂಜಾಬಿಗಳೂ ಅದೇ ದಾರಿಯಲ್ಲಿ ಹಿಂದಿಯ ಕಡೆ ನಡೆದವು.